ಸ್ಫಟಿಕದ ಮೆಟ್ಟಿಲೂ ವಿಂಧ್ಯಗಿರಿಯ ಮೆಟ್ಟಿಲೂ ಒಂದೇ ಅಲ್ಲ

ಪ್ರಶ್ನೆ: ಮಗ ಹಾಸನದಲ್ಲಿ ಬಿ.ಎ. ಓದುತ್ತಿದ್ದಾನೆ. ಇಂಗ್ಲಿಷ್ ಪಾಠದಲ್ಲಿ ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ‘ಮದರ್ ಟು ಸನ್’ ಪದ್ಯ ಇದೆ. ‘ಪದ್ಯದ ರೂಪಕವನ್ನೂ ಅದರಲ್ಲಿ ಕಾಣುವ ಛಲವನ್ನೂ ವಿವರಿಸಿ’ ಎಂದು ಐದು ಅಂಕಕ್ಕೆ ಕೇಳಿದ್ದರು. ‘ಬದುಕೆಂದರೆ ಶ್ರವಣಬೆಳಗೊಳದ ಬೆಟ್ಟ ಹತ್ತಿದ ಹಾಗೆ. ಕಷ್ಟಪಟ್ಟು ಹತ್ತಿದರೆ ಮೇಲೆ ಗೊಮ್ಮಟನ ದರ್ಶನ. ತಾಯಿ ಮಗನಿಗೆ ಹೇಳುವುದೂ ಇದನ್ನೇ’ ಎಂದು ಬರೆದಿದ್ದಾನೆ. ಎರಡು ಅಂಕ ಕೊಟ್ಟು, ಪಕ್ಕದಲ್ಲಿ ‘ಸಾರಾಂಶ ಇದೆ, ರೂಪಕದ ವಿವರಣೆ ಇಲ್ಲ’ ಎಂದು ಷರಾ ಹಾಕಿದ್ದಾರೆ. ನನಗೇನೋ ಉತ್ತರ ಸರಿಯಾಗೇ ಕಾಣುತ್ತದೆ. ನಾನು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿದವಳು. ಅಲಂಕಾರ ಅಂದರೆ ಉಪಮೆ, ರೂಪಕ ಇಷ್ಟು ಗೊತ್ತು. ಇಷ್ಟರಲ್ಲೇ ಅವನಿಗೆ ಹೇಳಿಕೊಡಬಹುದೇ? — ಓದುಗರು, ಚನ್ನರಾಯಪಟ್ಟಣ

ಉತ್ತರ: ಧಾರಾಳವಾಗಿ ಹೇಳಿಕೊಡಬಹುದು. ಹತ್ತನೇ ತರಗತಿಯಲ್ಲಿ ಅಲಂಕಾರದ ಪ್ರಶ್ನೆಗೆ ನೀವು ಮೂರು ಭಾಗ ಬರೆಯುತ್ತಿದ್ದಿರಿ: ಅಲಂಕಾರದ ಹೆಸರು, ಲಕ್ಷಣ, ಸಮನ್ವಯ. ಉಪಮೇಯ ಯಾವುದು, ಉಪಮಾನ ಯಾವುದು, ಒಂದು ಇನ್ನೊಂದಕ್ಕೆ ಹೇಗೆ ಕೂಡುತ್ತದೆ ಎಂದು ಬಿಡಿಸಿ ತೋರಿಸುವ ಸಮನ್ವಯಕ್ಕೇ ಹೆಚ್ಚು ಬೆಲೆ. ನಿಮ್ಮ ಮಗನ ಇಂಗ್ಲಿಷ್ ಉಪನ್ಯಾಸಕರು ಕೇಳಿದ್ದೂ ಆ ಸಮನ್ವಯವನ್ನೇ. ಅವನು ಅದನ್ನು ಬಿಟ್ಟು, ಪದ್ಯದಲ್ಲಿಲ್ಲದ ಇನ್ನೊಂದು ಹೋಲಿಕೆಯನ್ನು ತಂದಿಟ್ಟಿದ್ದಾನೆ. ಎರಡು ಅಂಕ ಕಡಿಮೆಯೇನಲ್ಲ.

ಪದ್ಯ ಎದುರಿಗೆ ಇಲ್ಲದವರಿಗಾಗಿ ಅದರ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಒಟ್ಟು 20 ಸಾಲು. ತಾಯಿಯೊಬ್ಬಳು ಮಗನಿಗೆ ಮಾತು ಹೇಳುತ್ತಿದ್ದಾಳೆ. ನನ್ನ ಪಾಲಿಗೆ ಬದುಕೇನೂ ಸ್ಫಟಿಕದ ಮೆಟ್ಟಿಲಾಗಿರಲಿಲ್ಲ. ಅದರಲ್ಲಿ ಮೊಳೆಗಳಿದ್ದವು, ಸಿಬಿರುಗಳಿದ್ದವು, ಹಲಗೆ ಕಿತ್ತುಹೋಗಿತ್ತು, ಕೆಲವು ಕಡೆ ಜಮಖಾನವಿಲ್ಲದ ಬರಿ ನೆಲವಿತ್ತು ಎನ್ನುತ್ತಾಳೆ. ಆದರೂ ಅಷ್ಟು ಕಾಲವೂ ಹತ್ತುತ್ತಲೇ ಬಂದೆ, ಲ್ಯಾಂಡಿಂಗ್ (ಮೆಟ್ಟಿಲುಗಳ ನಡುವಿನ ಸಮತಟ್ಟು ಜಾಗ) ಮುಟ್ಟಿದೆ, ತಿರುವು ದಾಟಿದೆ, ಬೆಳಕೇ ಇರದ ಕಡೆ ಕತ್ತಲಲ್ಲೂ ನಡೆದೆ ಎನ್ನುತ್ತಾಳೆ. ಹಾಗಾಗಿ ನೀನು ಹಿಂದಿರುಗಬೇಡ, ಕಷ್ಟವೆಂದು ಮೆಟ್ಟಿಲ ಮೇಲೆ ಕೂತುಬಿಡಬೇಡ, ಈಗ ಬೀಳಬೇಡ. ನಾನಿನ್ನೂ ನಡೀತಾ ಇದೀನಿ, ಇನ್ನೂ ಹತ್ತುತಾ ಇದೀನಿ, ನನ್ನ ಪಾಲಿಗೆ ಬದುಕೇನೂ ಸ್ಫಟಿಕದ ಮೆಟ್ಟಿಲಾಗಿರಲಿಲ್ಲ ಎಂದು ಮುಗಿಸುತ್ತಾಳೆ.

ಇನ್ನು ಬೆಟ್ಟದ ವಿಚಾರ. ಚನ್ನರಾಯಪಟ್ಟಣ ತಾಲ್ಲೂಕಿನ ಹುಡುಗನಿಗೆ ‘ಮೆಟ್ಟಿಲು’ ಎಂದರೆ ವಿಂಧ್ಯಗಿರಿ ಕಣ್ಣಮುಂದೆ ಬರುವುದು ಸಹಜ. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು, ಮೇಲೆ ಬಿಸಿಲು. ಆದರೆ ಆ ಚಿತ್ರವನ್ನು ಪದ್ಯದೊಳಗೆ ತಂದರೆ ಮೂರು ಕಡೆ ತಪ್ಪುತ್ತದೆ. ಬೆಟ್ಟದ ಮೆಟ್ಟಿಲಿಗೆ ಒಂದು ತುದಿ ಇದೆ. ಅಲ್ಲಿ ಏನಿದೆ ಎಂಬುದು ಕೆಳಗೆ ನಿಂತವನಿಗೂ ಗೊತ್ತು. ಈ ತಾಯಿಯ ಮೆಟ್ಟಿಲಿಗೆ ತುದಿ ಎಂಬ ಮಾತೇ ಪದ್ಯದಲ್ಲಿ ಬರುವುದಿಲ್ಲ. 20 ಸಾಲನ್ನೂ ಬೆರಳಿಟ್ಟು ಹುಡುಕಲಿ. ಮೇಲೆ ಇಂಥದ್ದು ಸಿಗುತ್ತದೆ ಎಂದು ಅವಳು ಒಂದು ಕಡೆಯೂ ಹೇಳಿಲ್ಲ. ಎರಡನೆಯದು, ಬೆಟ್ಟ ಬಯಲಲ್ಲಿದೆ. ಪದ್ಯದ ಮೆಟ್ಟಿಲು ಇರುವುದು ಕಟ್ಟಡದೊಳಗೆ. ತಿರುವಿದೆ, ಕತ್ತಲಿದೆ, ಮುಂದಿನದು ಕಾಣುವುದಿಲ್ಲ. ಮೂರನೆಯದು, ಬೆಟ್ಟ ಹತ್ತುವವರು ಹರಕೆಗೋ ಭಕ್ತಿಗೋ ತಾವಾಗಿ ಹೊರಟವರು, ಆಗದವರಿಗೆ ಡೋಲಿಯೂ ಇದೆ. ಇವಳು ಹತ್ತಬೇಕೆಂದು ಆರಿಸಿಕೊಂಡವಳಲ್ಲ. ಬದುಕು ಇದ್ದದ್ದೇ ಆ ಮೆಟ್ಟಿಲ ಮೇಲೆ.

ಮನಸ್ಸಿನಲ್ಲಿ ಚಿತ್ರ ಮೂಡಲೇಬೇಕಿದ್ದರೆ ಸಕಲೇಶಪುರ, ಮೂಡಿಗೆರೆ ಕಡೆಯ ಹಳೇ ಮನೆಗಳಲ್ಲಿ ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲನ್ನು ನೆನೆಯಲಿ. ಇಕ್ಕಟ್ಟು, ಅರೆಗತ್ತಲು, ಕೈಯಿಟ್ಟರೆ ಸಿಬಿರು. ಪದ್ಯದ ಮೆಟ್ಟಿಲಿಗೆ ಅದು ಹೆಚ್ಚು ಹತ್ತಿರ.

ಈಗ ಆ ಮೆಟ್ಟಿಲನ್ನೇ ಹತ್ತಿರದಿಂದ ನೋಡಿ. ಮೊಳೆ ಎಂದಾಗ ನಮ್ಮ ಹುಡುಗರು ಬಾಗಿಲಿಗೆ ಹೊಡೆಯುವ ಉದ್ದ ಮೊಳೆಯನ್ನು ಊಹಿಸುತ್ತಾರೆ. ಪದ್ಯದಲ್ಲಿರುವುದು ಅಗಲ ತಲೆಯ ಗಿಡ್ಡ ಮೊಳೆ. ಅಲ್ಲಿಯ ಮರದ ಮೆಟ್ಟಿಲಿಗೆ ಜಮಖಾನ ಹಾಸಿ, ಜಾರದ ಹಾಗೆ ಅಂಚಿನುದ್ದಕ್ಕೂ ಇಂಥ ಮೊಳೆ ಬಡಿಯುತ್ತಿದ್ದರು. ಜಮಖಾನ ಸವೆದು ಹರಿದುಹೋದ ಮೇಲೂ ಮೊಳೆಗಳು ಹಲಗೆಯಲ್ಲೇ ಉಳಿಯುತ್ತವೆ, ಕೆಲವು ಅರ್ಧ ಎದ್ದು ನಿಲ್ಲುತ್ತವೆ. ಹಾಗೆ ನೋಡಿದರೆ ಮೂರನೇ ಸಾಲಿನ ಮೊಳೆಗೂ ಆರನೇ ಸಾಲಿನ ‘ಜಮಖಾನವಿಲ್ಲದ’ ಜಾಗಕ್ಕೂ ನಂಟಿದೆ. ಒಂದು ಕಾಲದಲ್ಲಿ ಮೆತ್ತಗಿನ ಹಾಸು ಯಾರ ಕಾಲಿಗೋ ಸಿಕ್ಕಿತ್ತು. ಇವಳ ಪಾಲಿಗೆ ಬಂದದ್ದು ಅದನ್ನು ಹಿಡಿದಿಟ್ಟಿದ್ದ ಮೊಳೆ ಮಾತ್ರ. ಹ್ಯೂಸ್ ಇದನ್ನು ಬಿಡಿಸಿ ಹೇಳುವುದಿಲ್ಲ, ವಸ್ತುಗಳನ್ನಷ್ಟೇ ಇಡುತ್ತಾರೆ. ಈ ಒಂದು ವಿಷಯವನ್ನು ಉತ್ತರದಲ್ಲಿ ಎರಡು ವಾಕ್ಯ ಬರೆದರೂ, ಹುಡುಗ ಪದ್ಯವನ್ನು ನಿಜವಾಗಿ ಓದಿದ್ದಾನೆ ಎಂದು ಮೌಲ್ಯಮಾಪಕರಿಗೆ ತಿಳಿಯುತ್ತದೆ.

ಸಮನ್ವಯಕ್ಕೆ ಬರೋಣ. ‘ಮುಖ ಕಮಲದಂತೆ ಅರಳಿತು’ ಎಂದರೆ ಉಪಮೆ, ‘ಮುಖಕಮಲ ಅರಳಿತು’ ಎಂದರೆ ರೂಪಕ. ಎರಡಕ್ಕೂ ಭೇದವಿಲ್ಲ ಎನ್ನುವುದೇ ರೂಪಕದ ಲಕ್ಷಣ ಎಂದು ನೀವು ಕಲಿತಿದ್ದೀರಿ. ಇಲ್ಲಿ ಉಪಮೇಯ ತಾಯಿಯ ಬದುಕು, ಉಪಮಾನ ಮೆಟ್ಟಿಲು. ‘ಅಂತೆ’, ‘ಹಾಗೆ’ ಎಂಬ ವಾಚಕ ಇಲ್ಲ, ಆದ್ದರಿಂದ ರೂಪಕ. ನಿಮ್ಮ ಮಗ ‘ಬೆಟ್ಟ ಹತ್ತಿದ ಹಾಗೆ’ ಎಂದು ಬರೆದಾಗಲೇ ರೂಪಕ ಕೈತಪ್ಪಿ ಉಪಮೆಯಾಯಿತು ನೋಡಿ.

ತುಂಬಾ ಮಕ್ಕಳು ಎಡವುವುದು ಎರಡನೇ ಸಾಲಿನಲ್ಲಿ. ‘ಈ ಪದ್ಯದಲ್ಲಿ ಬದುಕನ್ನು ಸ್ಫಟಿಕದ ಮೆಟ್ಟಿಲಿಗೆ ಹೋಲಿಸಲಾಗಿದೆ’ ಎಂದು ಬರೆಯುತ್ತಾರೆ. ಇದು ನೇರವಾಗಿ ತಪ್ಪು. ಸ್ಫಟಿಕದ ಮೆಟ್ಟಿಲು ಅಲ್ಲ ಎಂದೇ ತಾಯಿ ಹೇಳುತ್ತಿರುವುದು. ಇನ್ನು ಕೆಲವರು ‘ಬದುಕು ಮೆಟ್ಟಿಲಲ್ಲ ಎನ್ನುತ್ತಾಳೆ’ ಎಂದು ಬರೆಯುತ್ತಾರೆ. ಅದೂ ತಪ್ಪು. ‘ಇಲ್ಲ’ ಬಿದ್ದಿರುವುದು ಸ್ಫಟಿಕದ ಮೇಲೆ, ಮೆಟ್ಟಿಲಿನ ಮೇಲಲ್ಲ. ‘ನಮ್ಮದೇನು ತಾರಸಿ ಮನೆಯಲ್ಲ’ ಎಂದವರಿಗೆ ಮನೆಯೇ ಇಲ್ಲವೆಂದು ಅರ್ಥವಲ್ಲ. ಮನೆ ಇದೆ, ಹೆಂಚಿನದೋ ಶೀಟಿನದೋ. ಹಾಗೇ ಇಲ್ಲಿ ಮೆಟ್ಟಿಲು ಇದೆ, ಮರದ್ದು, ಕಿತ್ತುಹೋದದ್ದು. ನುಣುಪಾದ, ಹೊಳೆಯುವ, ಹತ್ತಿದ್ದೇ ಗೊತ್ತಾಗದ ಮೆಟ್ಟಿಲು ಬೇರೆ ಯಾರ ಪಾಲಿಗೋ ಇತ್ತು ಎಂಬ ಸೂಚನೆ ಆ ‘ನನ್ನ ಪಾಲಿಗೆ’ ಎಂಬ ಮಾತಿನಲ್ಲೇ ಇದೆ. ಬಡತನದ ಜೊತೆಗೆ ಅನ್ಯಾಯದ ಮಾತೂ ಸೇರುವುದು ಇಲ್ಲಿ.

ಮೊದಲು ‘ಬದುಕು–ಮೆಟ್ಟಿಲು’ ಎಂದು ಎರಡನ್ನೂ ಬಾಯಿಬಿಟ್ಟು ಹೇಳಿದ ತಾಯಿ, ಮುಂದೆ ಬದುಕಿನ ಮಾತನ್ನೇ ಬಿಟ್ಟು ಬರೀ ಮೆಟ್ಟಿಲಿನ ಭಾಗಗಳನ್ನು ಎಣಿಸುತ್ತಾ ಹೋಗುತ್ತಾಳೆ. ಮೊಳೆ ಎಂದರೆ ಸಾಲವೋ, ಅವಮಾನವೋ, ಕಾಯಿಲೆಯೋ ಹೇಳುವುದಿಲ್ಲ. ಅವಯವಗಳ ಸಮೇತ ಬೆಳೆದ ರೂಪಕವನ್ನು ನಮ್ಮ ಅಲಂಕಾರಶಾಸ್ತ್ರದಲ್ಲಿ ಸಾವಯವ ರೂಪಕ ಎನ್ನುತ್ತಾರೆ. ಉಪಮೇಯವನ್ನು ಹೇಳದೆ ನುಂಗಿ, ಉಪಮಾನವನ್ನಷ್ಟೇ ಹೇಳಿದರೆ ಅದಕ್ಕೆ ರೂಪಕಾತಿಶಯೋಕ್ತಿ ಎಂದು ಹೆಸರು. ಪದ್ಯ ಮೊದಲನೆಯದರಲ್ಲಿ ಶುರುವಾಗಿ ಎರಡನೆಯದರ ಕಡೆಗೆ ವಾಲುತ್ತದೆ ಎನ್ನಬಹುದು. ಇಂಗ್ಲಿಷ್ ತರಗತಿಯಲ್ಲಿ ಎಲ್ಲವನ್ನೂ ಸೇರಿಸಿ ‘ಎಕ್ಸ್‌ಟೆಂಡೆಡ್ ಮೆಟಫರ್’ ಎನ್ನುತ್ತಾರೆ. ಪರೀಕ್ಷೆಗೆ ಈ ಹೆಸರು ಬರೆದರೆ ಸಾಕು. ಸಂಸ್ಕೃತದ ಹೆಸರುಗಳು ನಿಮ್ಮಿಬ್ಬರ ತಿಳಿವಳಿಕೆಗೆ.

ಇಲ್ಲೊಂದು ಹಳ್ಳ ಇದೆ, ಗೈಡ್ ಪುಸ್ತಕಗಳೇ ಮಕ್ಕಳನ್ನು ಅದಕ್ಕೆ ಕೆಡವುತ್ತವೆ. ‘ಮೊಳೆ = ಕಷ್ಟ, ಸಿಬಿರು = ನೋವು, ಕಿತ್ತ ಹಲಗೆ = ತೊಂದರೆ, ಕತ್ತಲೆ = ಸಮಸ್ಯೆ’ ಎಂದು ಪಟ್ಟಿ ಕೊಟ್ಟಿರುತ್ತಾರೆ. ನಾಲ್ಕಕ್ಕೂ ಒಂದೇ ಅರ್ಥವಾದರೆ ಕವಿ ನಾಲ್ಕು ವಸ್ತು ಯಾಕೆ ತಂದರು? ಯಾವುದು ಏನನ್ನು ಸೂಚಿಸುತ್ತದೆ ಎಂದು ಕೇಳುವುದಕ್ಕಿಂತ, ಯಾವುದು ಹತ್ತುವವರಿಗೆ ಏನು ಮಾಡುತ್ತದೆ ಎಂದು ಕೇಳಬೇಕು. ಮೊಳೆ, ಸಿಬಿರು ಎರಡೂ ಚಿಕ್ಕವು, ಕಣ್ಣಿಗೆ ಬೀಳುವುದಿಲ್ಲ, ಚುಚ್ಚಿದ ಮೇಲೆ ಗೊತ್ತಾಗುತ್ತವೆ. ಮೊಳೆ ಚುಚ್ಚಿದರೆ ಕಿತ್ತು ಎಸೆಯಬಹುದು. ಸಿಬಿರು ಒಳಗೇ ಮುರಿದು ಕೀವಾಗುತ್ತದೆ. ಕಿತ್ತ ಹಲಗೆಯದು ಬೇರೆ ತರದ ಅಪಾಯ, ಅಲ್ಲಿ ಕಾಲಿಡಲು ಜಾಗವೇ ಇಲ್ಲ, ಬಿದ್ದರೆ ಕೆಳಗೆ. ಜಮಖಾನ ಇಲ್ಲದಿದ್ದರೆ ಗಾಯವೂ ಆಗುವುದಿಲ್ಲ, ಬೀಳುವುದೂ ಇಲ್ಲ. ಇರಬೇಕಾದ ಮೆತ್ತನೆ ಇಲ್ಲ ಅಷ್ಟೆ. ನೋವು, ಅಪಾಯ, ಇಲ್ಲದಿರುವಿಕೆ ಮೂರೂ ಬೇರೆ ಬೇರೆ. ಆಮೇಲೆ ‘ಬರಿ’ ಎಂಬ ಒಂದೇ ಪದ ಒಂದು ಇಡೀ ಸಾಲಾಗಿ ನಿಂತಿದೆ, ಏಳನೇ ಸಾಲು. ಜಮಖಾನ ಇಲ್ಲ ಎಂದ ಮೇಲೆ ಬರಿ ಎನ್ನುವ ಅಗತ್ಯ ಇರಲಿಲ್ಲ. ಓದುವಾಗ ಅಲ್ಲಿ ನಿಲ್ಲಲೇಬೇಕು. ಆ ಸಾಲಿನಲ್ಲಿ ಬೇರೆ ಪದವೇ ಇಲ್ಲ, ಅದೂ ಬರಿದಾಗಿದೆ.

ಕತ್ತಲೆಯ ಸಾಲನ್ನೂ ಹೀಗೇ ನೋಡಬೇಕು. ‘ಕತ್ತಲಲ್ಲಿ ನಡೆದೆ, ಬೆಳಕೇ ಇರದ ಕಡೆ’ ಎಂಬುದು ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗಿದೆ. ಆದರೆ ದೀಪ ಆರಿ ಕತ್ತಲಾಗುವುದು ಬೇರೆ, ಅಲ್ಲಿ ಯಾರೂ ಎಂದೂ ದೀಪವನ್ನೇ ಇಡದಿರುವುದು ಬೇರೆ. ಇಂಗ್ಲಿಷಿನ ಕ್ರಿಯಾಪದ ಎರಡನೆಯದನ್ನು ಹೇಳುತ್ತದೆ. ಅವಳಿಗಿಂತ ಮುಂಚೆ ಆ ದಾರಿಯಲ್ಲಿ ದೀಪ ಹಿಡಿದವರಿಲ್ಲ.

ಛಲದ ಭಾಗಕ್ಕೆ ಬಂದರೆ, ಇದನ್ನು ಕೊನೆಯಲ್ಲಿ ಅಂಟಿಸುವ ನೀತಿಯಾಗಿ ಬರೆಯುವುದೇ ದೊಡ್ಡ ದೋಷ. ಛಲ ಈ ಪದ್ಯದ ವಾಕ್ಯರಚನೆಯಲ್ಲಿದೆ. ಒಂದು ಪೆನ್ಸಿಲ್ ತೆಗೆದುಕೊಂಡು 4, 5, 6ನೇ ಸಾಲುಗಳ ಮೊದಲ ಪದಕ್ಕೂ 10, 11, 12ನೇ ಸಾಲುಗಳ ಮೊದಲ ಪದಕ್ಕೂ ಗೆರೆ ಹಾಕಿಸಿ. ಆರೂ ಸಾಲು ‘ಮತ್ತೆ’ ಎಂಬರ್ಥದ ‘ಆ್ಯಂಡ್’ನಿಂದಲೇ ಶುರುವಾಗುತ್ತವೆ. ಮೊದಲ ಮೂರರಲ್ಲಿ ‘ಮತ್ತೆ’ ಆದಮೇಲೆ ಬರುವವು ವಸ್ತುಗಳು: ಸಿಬಿರು, ಹಲಗೆ, ಬರಿ ಜಾಗ. ಮುಂದಿನ ಮೂರರಲ್ಲಿ ಬರುವವು ಕ್ರಿಯೆಗಳು: ಮುಟ್ಟುವುದು, ತಿರುಗುವುದು, ನಡೆಯುವುದು. ಕಷ್ಟ ಒಂದರ ಮೇಲೊಂದು ಪೇರಿಕೊಂಡ ಅದೇ ಪದದ ಮೇಲೆ ಹೆಜ್ಜೆಗಳೂ ಒಂದರ ಮೇಲೊಂದು ಬೀಳುತ್ತವೆ. ನಡುವೆ ಎಂಟನೇ ಸಾಲಿನಲ್ಲಿ ‘ಆದರೆ’ ಇದೆ, ಪದ್ಯ ಮಗ್ಗುಲು ಬದಲಿಸುವುದು ಅಲ್ಲೇ. ಇಷ್ಟನ್ನು ಇಂಗ್ಲಿಷಿನಲ್ಲಿ ಬರೆಯಲು ನಾಲ್ಕು ಸಾಲು ಸಾಕು, ಆದರೆ ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ.

ಕ್ರಿಯಾಪದಗಳ ಕಾಲವನ್ನೂ ಗಮನಿಸಲಿ. ‘ಹತ್ತಿದೆ’ ಎಂದು ಮುಗಿದುಹೋದ ಹಾಗೆ ಅವಳು ಒಮ್ಮೆಯೂ ಹೇಳುವುದಿಲ್ಲ (ಮೇಲೆ ಸಾರಾಂಶದಲ್ಲಿ ‘ಮುಟ್ಟಿದೆ, ದಾಟಿದೆ’ ಎಂದಿರುವುದು ಕನ್ನಡದ ಅನುಕೂಲಕ್ಕೆ). ಮೂಲದಲ್ಲಿ ಹತ್ತುವುದು, ಮುಟ್ಟುವುದು, ತಿರುಗುವುದು, ನಡೆಯುವುದು ಎಲ್ಲವೂ ನಡೆಯುತ್ತಲೇ ಇರುವ ಕ್ರಿಯೆಗಳು. ಕೊನೆಗೆ ‘ಇನ್ನೂ’ ಎಂಬ ಪದ ಎರಡು ಸಲ ಬರುತ್ತದೆ. ‘ಕಷ್ಟಪಟ್ಟು ಮೇಲೆ ಬಂದ ತಾಯಿ ಮಗನಿಗೆ ಬುದ್ಧಿ ಹೇಳುತ್ತಾಳೆ’ ಎಂದು ಬರೆದರೆ ತಪ್ಪಾಗುವುದು ಇದರಿಂದ. ಅವಳು ಮೇಲೆ ಬಂದು ನಿಂತು ಕೆಳಗಿರುವವನಿಗೆ ಕೂಗಿ ಹೇಳುತ್ತಿಲ್ಲ. ಅದೇ ಮೆಟ್ಟಿಲ ಮೇಲೆ, ಬಹುಶಃ ನಾಲ್ಕು ಹೆಜ್ಜೆ ಮುಂದೆ ಇದ್ದಾಳೆ.

‘ಬೇಡ’ ಎಂಬ ಮೂರು ಮಾತುಗಳನ್ನು ಒಂದೇ ಎಂದು ಸೇರಿಸಿಬಿಡಬಾರದು. ಹಿಂದಿರುಗುವುದು ಮನಸ್ಸು ಮಾಡಿ ತೆಗೆದುಕೊಳ್ಳುವ ತೀರ್ಮಾನ. ಕೂತುಬಿಡುವುದು ಸುಸ್ತಿನಿಂದ ಆಗುವುದು, ಅದಕ್ಕೆ ‘ಸ್ವಲ್ಪ ಕಷ್ಟ ಅನ್ನಿಸಿತು ಅಂತ’ ಎಂದು ಕಾರಣವನ್ನೂ ಅವಳೇ ಸೇರಿಸುತ್ತಾಳೆ. ಇಷ್ಟೆಲ್ಲ ಹೇಳಿದ ಮೇಲೂ ‘ಸ್ವಲ್ಪ’ ಎನ್ನುವ ಈ ತಾಯಿಯ ಗತ್ತು ನೋಡಿ. ಬೀಳುವುದು ಮಾತ್ರ ಯಾರ ಕೈಯಲ್ಲೂ ಇಲ್ಲದ್ದು. ಬೀಳಬೇಡ ಎಂದು ಆಜ್ಞೆ ಮಾಡಲಾಗುವುದಿಲ್ಲ. ಆಜ್ಞೆಯಾಗಿ ಶುರುವಾದ ಮಾತು ಮೂರನೇ ಸಲಕ್ಕೆ ಬೇಡಿಕೆಯಾಗುತ್ತದೆ. ಅವಳು ಮಗನನ್ನು ಕರೆಯುವ ರೀತಿಯೂ ಇದಕ್ಕೆ ತಕ್ಕಂತೆ ಬದಲಾಗುತ್ತದೆ. ಮೊದಲ ಸಾಲಿನಲ್ಲಿ ‘ಮಗನೇ’, 14ನೇ ಸಾಲಿನಲ್ಲಿ ಎಚ್ಚರಿಸುವ ಗಡಸು ದನಿಯ ‘ಹುಡುಗಾ’, 18ನೇ ಸಾಲಿಗೆ ಬರುವಾಗ ‘ಬಂಗಾರಾ’. ನಮ್ಮ ಕಡೆ ‘ಲೋ’ ಎಂದು ಗದರಿದ ಅಮ್ಮನೇ ಮರುಗಳಿಗೆಗೆ ‘ಬಾ ಕಂದ’ ಅನ್ನುವುದಿಲ್ಲವೇ, ಅಂಥದ್ದು.

ಇನ್ನೊಂದು ಸೂಕ್ಷ್ಮ. ಕೂರಬೇಡ ಎಂದದ್ದು ಮೆಟ್ಟಿಲ ಮೇಲೆ. ಲ್ಯಾಂಡಿಂಗ್‌ಗಳನ್ನು ಮುಟ್ಟಿದ್ದನ್ನು ಅವಳು ತನ್ನ ಸಾಧನೆಯಲ್ಲಿ ಎಣಿಸಿದ್ದಾಳೆ. ಲ್ಯಾಂಡಿಂಗ್ ಇರುವುದೇ ನಿಂತು ಉಸಿರು ತೆಗೆದುಕೊಳ್ಳಲು. ದಣಿವಾರಿಸಿಕೊಳ್ಳಬೇಡ ಎಂದು ಪದ್ಯ ಎಲ್ಲೂ ಹೇಳುವುದಿಲ್ಲ. ‘ಒಂದು ಕ್ಷಣವೂ ನಿಲ್ಲದೆ ದುಡಿಯಬೇಕು ಎಂಬುದೇ ಸಂದೇಶ’ ಎಂದು ಬರೆದ ಉತ್ತರಗಳು ಪದ್ಯಕ್ಕೆ ಇಲ್ಲದ ಕಾಠಿಣ್ಯ ತರುತ್ತವೆ.

ಕೊನೆಯ ಸಾಲು ಎರಡನೇ ಸಾಲಿನದೇ ಮಾತು, ಮೊದಲಿಗೊಂದು ‘ಮತ್ತೆ’ ಸೇರಿದೆ ಅಷ್ಟೆ. ‘ಪುನರಾವರ್ತನೆ, ಒತ್ತು ಕೊಡಲು’ ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು. ಒತ್ತು ಯಾವುದಕ್ಕೆ ಎಂಬುದನ್ನೂ ಬರೆಯಬೇಕು. ಮೊದಲ ಸಲ ಆ ಮಾತು ಅಳಲಿನ ಹಾಗೆ ಕೇಳುತ್ತದೆ. ನಡುವೆ ಹದಿನೇಳು ಸಾಲು ದಾಟಿ ಬಂದ ಮೇಲೆ ಅದೇ ಮಾತು ಪುರಾವೆಯಾಗುತ್ತದೆ: ನಾನಿನ್ನೂ ಹತ್ತುತ್ತಿದ್ದೇನೆ, ಅದೂ ಇಂಥ ಮೆಟ್ಟಿಲಲ್ಲಿ.

ಹಿನ್ನೆಲೆ ಎರಡು ಮೂರು ವಾಕ್ಯಕ್ಕಿಂತ ಹೆಚ್ಚು ಬೇಡ. ಪದ್ಯ ಮೊದಲು ಅಚ್ಚಾದದ್ದು 1922ರ ಡಿಸೆಂಬರ್‌ನಲ್ಲಿ, ಕಪ್ಪು ಜನರ ಹಕ್ಕಿನ ಹೋರಾಟಗಾರ ಡಬ್ಲ್ಯು.ಇ.ಬಿ. ಡು ಬೋಯಿಸ್ ಸಂಪಾದಿಸುತ್ತಿದ್ದ ‘ದಿ ಕ್ರೈಸಿಸ್’ ಪತ್ರಿಕೆಯಲ್ಲಿ. ಹ್ಯೂಸ್‌ಗೆ ಆಗ ಇಪ್ಪತ್ತರ ಆಸುಪಾಸು. ಅಮೆರಿಕದ ಕಪ್ಪು ಜನರನ್ನು ಶಾಲೆ, ರೈಲು, ಕೆಲಸ ಎಲ್ಲೆಲ್ಲೂ ಕಾನೂನಿನಿಂದಲೂ ರೂಢಿಯಿಂದಲೂ ಬೇರೆ ಇಟ್ಟಿದ್ದ ಕಾಲ ಅದು. ಮಾತಾಡುವ ತಾಯಿ ಕವಿ ಕಟ್ಟಿದ ಪಾತ್ರ; ‘ಹ್ಯೂಸ್ ಅವರ ತಾಯಿ ಹೀಗೆ ಹೇಳಿದರು’ ಎಂದು ಬರೆಯಕೂಡದು. ಹ್ಯೂಸ್ ಬಾಲ್ಯದ ಬಹುಭಾಗ ಕಳೆದದ್ದು ಕ್ಯಾನ್ಸಸ್‌ನ ಲಾರೆನ್ಸ್‌ನಲ್ಲಿ, ಅಜ್ಜಿಯ ಹತ್ತಿರ. ಹೆಚ್ಚಿನ ಅಂಕದ ಪ್ರಶ್ನೆಯಾದರೆ ಇನ್ನೊಂದು ಸಂಗತಿ ಸೇರಿಸಬಹುದು. 1967ರ ಅಕ್ಟೋಬರ್ 26ರಂದು ಫಿಲಡೆಲ್ಫಿಯಾದ ಶಾಲೆಯೊಂದರಲ್ಲಿ ಮಕ್ಕಳೆದುರು ಮಾತಾಡುತ್ತಾ ಮಾರ್ಟಿನ್ ಲೂಥರ್ ಕಿಂಗ್ ಈ ಪದ್ಯವನ್ನು ನೆನೆದರು. ಒಬ್ಬ ತಾಯಿ ಒಬ್ಬ ಮಗನಿಗೆ ಹೇಳಿದ ಮಾತು ಇಡೀ ಸಮುದಾಯದ ಮಾತಾಗಿ ಓದಿಸಿಕೊಂಡಿತು ಎನ್ನಲು ಇದು ಆಧಾರ.

ಮನೆಯಲ್ಲಿ ಕೂತು ಹೇಳಿಕೊಡುವುದಕ್ಕೆ ಅರ್ಧ ಗಂಟೆ ಸಾಕು. ಮೊದಲು ಅವನು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಲಿ, ಏಳನೇ ಸಾಲಿನಲ್ಲಿ ನಿಂತು ಓದಲಿ. ಆಮೇಲೆ ಅರ್ಥ ಕೇಳಬೇಡಿ. ‘ಈ ಮೆಟ್ಟಿಲ ಚಿತ್ರ ಬರಿ’ ಎಂದು ಹಾಳೆ ಕೊಡಿ. ಮೊಳೆ ಎಲ್ಲಿ, ಹಲಗೆ ಕಿತ್ತದ್ದೆಲ್ಲಿ, ತಿರುವು ಎಲ್ಲಿ, ತಾಯಿ ಎಲ್ಲಿ ನಿಂತಿದ್ದಾಳೆ, ಮಗ ಎಲ್ಲಿದ್ದಾನೆ. ಮೆಟ್ಟಿಲಿನ ತುದಿಯಲ್ಲಿ ಅವನು ಬಾಗಿಲನ್ನೋ ಬಾವುಟವನ್ನೋ ಬರೆದರೆ, ಅದು ಯಾವ ಸಾಲಿನಲ್ಲಿದೆ ತೋರಿಸು ಎನ್ನಿ. ಆ ಪ್ರಶ್ನೆಯೊಂದರಿಂದಲೇ ಬೆಟ್ಟದ ದರ್ಶನದ ತಪ್ಪು ಅವನಿಗೆ ತಾನಾಗಿ ಗೊತ್ತಾಗುತ್ತದೆ. ಇದಾದ ಮೇಲೆ ಪೆನ್ಸಿಲ್ ಕೆಲಸ: ವಸ್ತುಗಳಿಗೆ ಒಂದು ಗುರುತು, ಕ್ರಿಯೆಗಳಿಗೆ ಇನ್ನೊಂದು, ‘ಬೇಡ’ಗಳಿಗೆ ಮತ್ತೊಂದು.

ಐದು ಅಂಕಕ್ಕೆ ಇಂಗ್ಲಿಷಿನಲ್ಲಿ 120–150 ಪದ ಬರೆದರೆ ಸಾಕಷ್ಟಾಯಿತು. ‘ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಒಬ್ಬ ಮಹಾನ್ ಕವಿ’ ಎಂಬ ಪೀಠಿಕೆ ಬೇಡ, ಅದಕ್ಕೆ ಅಂಕ ಇಲ್ಲ. ಮೊದಲ ವಾಕ್ಯದಲ್ಲೇ ಸಮನ್ವಯ ಬರಲಿ. ಉದಾಹರಣೆಗೆ ಹೀಗೆ: ‘ತಾಯಿ ತನ್ನ ಬದುಕನ್ನು ಹಾಳುಬಿದ್ದ ಮರದ ಮೆಟ್ಟಿಲಾಗಿ ಕಾಣುತ್ತಾಳೆ, ಸ್ಫಟಿಕದ್ದಲ್ಲ ಎನ್ನುವಾಗ ಸುಖವಾಗಿ ಹತ್ತುವ ಬೇರೆಯವರೂ ಇದ್ದಾರೆಂಬುದನ್ನು ಸೂಚಿಸುತ್ತಾಳೆ.’ ಮುಂದಿನ ಎರಡು ಮೂರು ವಾಕ್ಯದಲ್ಲಿ ಮೆಟ್ಟಿಲಿನ ಎರಡೇ ವಿವರ ಆರಿಸಿಕೊಂಡು ಬಿಡಿಸಲಿ, ಎಲ್ಲವನ್ನೂ ಎಣಿಸಲು ಹೋಗಬಾರದು. ಮೊಳೆ–ಜಮಖಾನ ಒಂದು ಜೋಡಿ, ಕತ್ತಲೆ ಇನ್ನೊಂದು ಎಂದಿಟ್ಟುಕೊಳ್ಳಿ. ಆಮೇಲೆ ‘ಆದರೆ’ಯಿಂದ ತಿರುಗಿ ಛಲಕ್ಕೆ ಬರಲಿ: ಮುಗಿಯದ ಕ್ರಿಯಾಪದ, ಎರಡು ‘ಇನ್ನೂ’, ಮೂರು ‘ಬೇಡ’. ಕೊನೆಯ ವಾಕ್ಯ ಕೊನೆಯ ಸಾಲಿನ ಬಗ್ಗೆ. ‘ನಾವೆಲ್ಲರೂ ಕಷ್ಟಪಟ್ಟು ಓದಿ ತಂದೆತಾಯಿಗೆ ಕೀರ್ತಿ ತರಬೇಕು’ ಎಂದು ಮುಗಿಸುವ ಚಾಳಿ ನಮ್ಮ ಮಕ್ಕಳಿಗೆ ಬಹಳ. ಪ್ರಶ್ನೆ ಅದನ್ನು ಕೇಳಿಲ್ಲ.

ಬೆಟ್ಟದ ಹೋಲಿಕೆಯನ್ನು ಪೂರ್ತಿ ಬಿಡಬೇಕೆಂದೇನೂ ಇಲ್ಲ. ಎರಡನ್ನೂ ಹೋಲಿಸಿ ವ್ಯತ್ಯಾಸ ತೋರಿಸಿದರೆ ಅದೇ ಒಳ್ಳೆಯ ಅಂಶವಾಗುತ್ತದೆ: ವಿಂಧ್ಯಗಿರಿ ಹತ್ತುವವನಿಗೆ ತುದಿಯ ಭರವಸೆ ಇದೆ, ಈ ತಾಯಿಗೆ ಇಲ್ಲ, ಆದರೂ ಹತ್ತುತ್ತಾಳೆ. ಅವನದೇ ಉತ್ತರದಲ್ಲಿ ಕಾಣೆಯಾಗಿದ್ದ ಛಲ ಇದೇ.

ಇನ್ನೊಂದು ಮಾತು, ಸಾಲುಗಳನ್ನು ಉದ್ಧರಿಸುವ ಬಗ್ಗೆ. ತಾಯಿಯ ಇಂಗ್ಲಿಷ್ ವ್ಯಾಕರಣ ಪುಸ್ತಕದ ಇಂಗ್ಲಿಷ್ ಅಲ್ಲ. ‘ಏಂಟ್’ (ain't), ‘ಐಸ್’ (I'se), ‘ಕ್ಲೈಂಬಿನ್’ (climbin') ಎಂದು ಕಪ್ಪು ಜನರ ಆಡುಮಾತಿನಲ್ಲಿ ಅವಳು ಮಾತಾಡುತ್ತಾಳೆ. ಅದಕ್ಕೆ ಅದರದೇ ನಿಯಮಗಳಿವೆ. ಉತ್ತರದಲ್ಲಿ ಸಾಲು ಬರೆಯುವಾಗ ಅದನ್ನು ‘ಸರಿ’ ಮಾಡಬಾರದು, ಪಠ್ಯದಲ್ಲಿದ್ದ ಹಾಗೇ, ಪದದ ಕೊನೆಯ ಮೇಲುಚುಕ್ಕೆ (ಅಪಾಸ್ಟ್ರಫಿ) ಸಮೇತ ಬರೆಯಬೇಕು. ‘ತಾಯಿ ಓದಿಲ್ಲದವಳು, ಅದಕ್ಕೇ ತಪ್ಪು ಇಂಗ್ಲಿಷ್’ ಎಂದು ಬರೆದರಂತೂ ಅಂಕ ಹೋಗುವುದು ಖಂಡಿತ. ಮೂಲದ ಸಾಲು ನೆನಪಿಗೆ ಬಾರದಿದ್ದರೆ ಉದ್ಧರಣ ಚಿಹ್ನೆ ಹಾಕದೆ, ಯಾವ ವಸ್ತು, ಯಾವ ಕ್ರಿಯೆ ಎಂದು ಸ್ವಂತ ಮಾತಿನಲ್ಲಿ ಹೇಳಲಿ.